ಗ್ರಾಫಿಕ್ ಕಾದಂಬರಿ ಮತ್ತು ರಸಾನುಭವ

ಚಿತ್ರವುಳ್ಳ ಪುಸ್ತಕ ಮಕ್ಕಳಿಗೆ, ಅಕ್ಷರವಷ್ಟೇ ಉಳ್ಳ ಪುಸ್ತಕ ಪ್ರೌಢರಿಗೆ ಎಂಬ ವಿಭಜನೆ ಕನ್ನಡದ ವಿದ್ವತ್ ವಲಯದಲ್ಲಿ ಬಹುಕಾಲದಿಂದ ಪ್ರಶ್ನಾತೀತವಾಗಿ ನಡೆದುಬಂದಿದೆ. ಕಾರ್ಕಳದಲ್ಲಿ ಜನಿಸಿ ಮುಂಬಯಿಯನ್ನು ಕಾರ್ಯಕ್ಷೇತ್ರವಾಗಿಸಿಕೊಂಡ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ 'ಅಮರ ಚಿತ್ರ ಕಥಾ' ಮಾಲೆಯನ್ನು ಓದಿ ಬೆಳೆದವರೂ ಅದನ್ನು ಬಾಲ್ಯದ ನೆನಪುಗಳ ಸಾಲಿಗೆ ಸೇರಿಸುತ್ತಾರೆಯೇ ಹೊರತು ಸಾಹಿತ್ಯದ ಸಾಲಿಗಲ್ಲ. ಮಕ್ಕಳಿಗೆ ಪುರಾಣ, ಚರಿತ್ರೆಗಳನ್ನು ಪರಿಚಯಿಸುವುದೇ ಆ ಮಾಲೆಯ ಉದ್ದೇಶವಾಗಿದ್ದುದರಿಂದ ಈ ಧೋರಣೆಗೆ ಒಂದಿಷ್ಟು ಸಮರ್ಥನೆಯಿದೆ. ಆದರೆ ಚಿತ್ರ, ಮಾತುಗಳೆರಡನ್ನೂ ಸಮಾನವಾಗಿ ದುಡಿಸಿಕೊಂಡು ಬೆಳೆದಿರುವ ಗ್ರಾಫಿಕ್ ಕಾದಂಬರಿಯನ್ನೂ ಅದೇ ಧೋರಣೆಯಿಂದ ಬದಿಗಿಡುವುದು ಸರಿಯಲ್ಲ. ಬರಿಯ ಮಾತು ಸುಲಭವಾಗಿ ತಲುಪಲಾರದ ದುಃಖದ ನೆಲೆಗಳನ್ನು ಈ ಪ್ರಕಾರ ತಲುಪಿದೆ. ಅದು ಹೇಗೆ ಸಾಧ್ಯವಾಯಿತೆಂಬುದು ಕಾವ್ಯಮೀಮಾಂಸೆಯ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ.

ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್' ಇಲ್ಲಿ ಮೊದಲು ಪರಿಶೀಲನೆಗೆ ಅರ್ಹವಾದ ಕೃತಿ. 1986 ಮತ್ತು 1991ರಲ್ಲಿ ಎರಡು ಸಂಪುಟಗಳಾಗಿ ಹೊರಬಂದು, 1992ರಲ್ಲಿ ವಿಶೇಷ ಪುಲಿಟ್ಜರ್ ಗೌರವ ಪಡೆದ ಇದು, ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದ ಪೋಲೆಂಡಿನ ಯಹೂದಿ ವ್ಲಾಡೆಕ್ ತನ್ನ ಮಗನಿಗೆ ಹೇಳಿದ ಆತ್ಮಕಥೆ. ಯಹೂದಿಗಳು ಇಲ್ಲಿ ಇಲಿಗಳು, ಜರ್ಮನರು ಬೆಕ್ಕುಗಳು. ಮೇಲ್ನೋಟಕ್ಕೆ ಇದು ಪಂಚತಂತ್ರದ ಮಾರ್ಗವೆನಿಸಬಹುದು. ಆದರೆ ಪಂಚತಂತ್ರದ ಪ್ರಾಣಿ ನೀತಿಯನ್ನು ಸಾರುತ್ತದೆ; ಸ್ಪೀಗಲ್‌ಮನ್ ಅವರ ಇಲಿ ಯಾವ ನೀತಿಯನ್ನೂ ಹೇಳುವುದಿಲ್ಲ. ನಾಲ್ಕಾರು ಗೆರೆಗಳಲ್ಲಿ ಮುಗಿಯುವ ಅದರ ಮುಖದಲ್ಲಿ ಶೋಕದ ವಿವರಗಳಿಗೆ ಎಡೆ ಕಡಿಮೆ. ಆ ಮಿತಿಯಿಂದಾಗಿಯೇ ಶೋಕ ಓದುಗನ ಪಾಲಿಗೆ ಬರುತ್ತದೆ.

ಕೃತಿಯ ಎರಡು ಮುಕ್ತಾಯಗಳನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾದೀತು. 1968ರಲ್ಲಿ ಆತ್ಮಹತ್ಯೆ ಮಾಡಿಕೊಂಡ ತಾಯಿ ಆನ್ಯಾಳ ಟಿಪ್ಪಣಿ ಪುಸ್ತಕಗಳನ್ನು ತಾನೇ ಸುಟ್ಟೆನೆಂದು ತಂದೆ ಒಪ್ಪಿಕೊಂಡಾಗ, ಮಗ ಅವನನ್ನು ಕೊಲೆಗಾರನೆಂದು ಕರೆಯುವಲ್ಲಿಗೆ ಮೊದಲ ಸಂಪುಟ ಮುಗಿಯುತ್ತದೆ. ಎರಡನೆಯದರ ಕೊನೆಯಲ್ಲಿ ದಣಿದು ಮಲಗಿದ ವ್ಲಾಡೆಕ್, ಎದುರಿಗಿರುವ ಮಗನನ್ನು ಯುದ್ಧಕಾಲದಲ್ಲಿ ಸತ್ತ ಹಿರಿಯ ಮಗ ರಿಶ್ಯೂವಿನ ಹೆಸರಿನಿಂದ ಕರೆಯುತ್ತಾನೆ. ಅದರ ಕೆಳಗೆ ಗಂಡಹೆಂಡಿರ ಸಮಾಧಿಕಲ್ಲಿನ ಚಿತ್ರವಿದೆ. ಮಗ ಏನು ಉತ್ತರಿಸಿದನೆಂಬುದು ಕೃತಿಯಲ್ಲಿಲ್ಲ. ಬದುಕಿರುವ ಮಗ ಸತ್ತ ಮಗನ ಸ್ಥಾನದಲ್ಲಿ ನಿಂತ ಆ ಗಳಿಗೆಯನ್ನು ಗದ್ಯ ವಿವರಿಸಹೊರಟಿದ್ದರೆ ಒಂದು ಪುಟವಾದರೂ ಬೇಕಾಗುತ್ತಿತ್ತು. ಆ ಪುಟದಿಂದಲೇ ಅದು ಹಾಳಾಗುವ ಸಂಭವವೂ ಇತ್ತು.

ಅಮೆರಿಕದ ಸ್ಕಾಟ್ ಮೆಕ್ಲೌಡ್ 1993ರಲ್ಲಿ ಪ್ರಕಟಿಸಿದ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್' ಗ್ರಂಥದಲ್ಲಿ ಎರಡು ಮುಖ್ಯ ವಿಚಾರಗಳನ್ನು ಮಂಡಿಸಿದ್ದಾರೆ. ಎರಡು ಚೌಕಟ್ಟುಗಳ ನಡುವಣ ಖಾಲಿ ಜಾಗದಲ್ಲಿ ನಡೆದುದನ್ನು ಓದುಗನೇ ಊಹಿಸಿ ತುಂಬಿಕೊಳ್ಳುತ್ತಾನೆ ಎಂಬುದು ಒಂದು. ಬರೆದ ಮುಖ ಸರಳವಾದಷ್ಟೂ ಅದು ಒಬ್ಬನದಾಗಿ ಉಳಿಯದೆ ಅನೇಕರದಾಗುತ್ತದೆ ಎಂಬುದು ಇನ್ನೊಂದು. ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದಿದ ವಿದ್ಯಾರ್ಥಿಗೆ ಆನಂದವರ್ಧನನ ಧ್ವನಿಯೂ ಭಟ್ಟನಾಯಕನ ಸಾಧಾರಣೀಕರಣವೂ ಇಲ್ಲಿ ನೆನಪಾಗದಿರವು. ಹಾಗೆಂದು ಇವೆರಡೂ ಒಂದೇ ಎನ್ನುವುದು ಅವಸರದ ತೀರ್ಮಾನವಾದೀತು. ಕಾವ್ಯದಲ್ಲಿ ಧ್ವನಿ ಹೊಮ್ಮುವುದು ಆಡಿದ ಶಬ್ದದಿಂದ. ಇಲ್ಲಿ ಅದು ಬರೆದ ಎರಡು ಚಿತ್ರಗಳ ನಡುವೆ ಬರೆಯದೆ ಬಿಟ್ಟ ಬಯಲಿನಿಂದಲೂ ಹೊಮ್ಮುತ್ತದೆ. ಕಾವ್ಯಮೀಮಾಂಸೆಗೆ ಇದು ಹೊಸ ಸಾಮಗ್ರಿ, ಹೊಸ ಪರೀಕ್ಷೆ.

ಭಾರತದ ಮಟ್ಟಿಗೆ ಈ ಪರೀಕ್ಷೆಗೆ ತಕ್ಕ ಕೃತಿ 2011ರಲ್ಲಿ ಪ್ರಕಟವಾದ 'ಭೀಮಾಯಣ'. ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರ ಕಥನಕ್ಕೆ ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿಗಳು ಚಿತ್ರ ಬರೆದಿದ್ದಾರೆ. ಅಂಬೇಡ್ಕರರು ಸ್ವತಃ ಬರೆದಿಟ್ಟ 1901ರ ಘಟನೆಯೊಂದು ಇದರ ಆಧಾರಗಳಲ್ಲಿ ಒಂದು. ತಂದೆಯನ್ನು ಕಾಣಲು ಹೊರಟ ಬಾಲಕ ಭೀಮರಾವ್ ಒಡಹುಟ್ಟಿದವನೊಂದಿಗೆ ಮಸೂರು ನಿಲ್ದಾಣದಲ್ಲಿ ಇಳಿದಾಗ, ಜಾತಿ ತಿಳಿದೊಡನೆ ಸ್ಟೇಷನ್ ಮಾಸ್ತರನ ಮುಖಭಾವ ಬದಲಾಗುತ್ತದೆ. ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾದ ಆ ಮಕ್ಕಳು, ಬುತ್ತಿ ಜೊತೆಗಿದ್ದರೂ ಕುಡಿಯಲು ನೀರು ಸಿಗದ ಕಾರಣ ಹಸಿದೇ ಮಲಗುತ್ತಾರೆ. ಮುಂಬಯಿ, ಪುಣೆಗಳಿಂದ ಮಿರಜದ ಮೂಲಕ ಊರಿಗೆ ಬರುವ ಕನ್ನಡಿಗರ ರೈಲು ಇಂದಿಗೂ ಹಾದುಬರುವ ದಾರಿ ಅದು.

ವ್ಯಾಮ್ ದಂಪತಿಗಳು ತಮ್ಮ ಪಾತ್ರಗಳನ್ನು ಚೌಕಟ್ಟುಗಳಲ್ಲಿ ಕೂಡಿಹಾಕಲು ಒಪ್ಪಲಿಲ್ಲ. ಪುಟ ತೆರೆದ ಬಯಲಾಗಿದೆ. ಸೌಮ್ಯವಾದ ಮಾತುಗಳು ಹಕ್ಕಿಯ ಆಕಾರದ ಆವರಣದಲ್ಲಿವೆ. ನಂಜಿನ ಮಾತುಗಳ ಆವರಣಕ್ಕೆ ಚೇಳಿನ ಕೊಂಡಿಯಿದೆ. ಅವಮಾನದ ಮಾತನ್ನು ಓದುವ ಮೊದಲೇ ಕಣ್ಣಿಗೆ ಅದರ ಕುಟುಕು ತಟ್ಟುತ್ತದೆ. ಇದನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. ಅಕ್ಷರಪರಂಪರೆಯ ಹೊರಗೆ ಉಳಿದ ಸಮುದಾಯವೊಂದರ ಕಲೆ, ಅಕ್ಷರಕ್ಕಾಗಿ ಹೋರಾಡಿದ ಮಹಾಪುರುಷನ ನೋವನ್ನು ತನ್ನ ಪರಿಭಾಷೆಯಲ್ಲಿ ಹೇಳಿದ ಸಂದರ್ಭವಿದು. ಸಾಹಿತ್ಯವನ್ನು ಅಕ್ಷರಕ್ಕಷ್ಟೇ ಸೀಮಿತಗೊಳಿಸುವ ವ್ಯಾಖ್ಯೆ ಯಾರನ್ನು ಹೊರಗಿಡುತ್ತದೆ ಎಂಬ ಪ್ರಶ್ನೆಯನ್ನು 'ಭೀಮಾಯಣ' ಮೌನವಾಗಿ ಮುಂದಿಡುತ್ತದೆ.

ಚಿತ್ರವು ಓದುಗನ ಕಲ್ಪನೆಯನ್ನು ಕಸಿದುಕೊಳ್ಳುತ್ತದೆ ಎಂಬ ಆಕ್ಷೇಪ ಸಾಮಾನ್ಯವಾಗಿ ಕೇಳಿಬರುತ್ತದೆ. ಎಲ್ಲವನ್ನೂ ತೋರಿಸುವ ಚಿತ್ರದ ಮಟ್ಟಿಗೆ ಇದು ನಿಜ. ಮೇಲಿನ ಕೃತಿಗಳ ಶಕ್ತಿಯಿರುವುದು ತೋರಿಸದೆ ಬಿಡುವುದರಲ್ಲಿ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು: ನಿಜವಾದ ನೋವನ್ನು ಚಿತ್ರವಾಗಿಸಿ ಆಸ್ವಾದಿಸುವುದು ನ್ಯಾಯವೆ? ಸ್ಪೀಗಲ್‌ಮನ್ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ. ಮೊದಲ ಸಂಪುಟದ ಯಶಸ್ಸಿನ ಅನಂತರ, ಇಲಿಯ ಮುಖವಾಡ ತೊಟ್ಟ ಮನುಷ್ಯನಾಗಿ ತಮ್ಮನ್ನೇ ಬರೆದುಕೊಂಡು, ಬರೆಯುವ ಮೇಜಿನ ಕೆಳಗೆ ಹೆಣಗಳ ರಾಶಿಯನ್ನು ಚಿತ್ರಿಸಿದ್ದಾರೆ. ಇಂಥ ಆತ್ಮಪರೀಕ್ಷೆ ಮಕ್ಕಳಾಟವಲ್ಲ. 2022ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಶಾಲಾ ಮಂಡಳಿಯೊಂದು ಬೈಗುಳ ಮತ್ತು ನಗ್ನತೆಯ ಕಾರಣ ನೀಡಿ ಈ ಕೃತಿಯನ್ನು ಎಂಟನೆಯ ತರಗತಿಯ ಪಠ್ಯದಿಂದ ತೆಗೆದುಹಾಕಿತು. ಮಕ್ಕಳ ಓದೆಂದು ವಿದ್ವಾಂಸರು ಕಡೆಗಣಿಸಿದ ಪ್ರಕಾರ ಮಕ್ಕಳಿಗೆ ಸಲ್ಲದೆಂದು ಬಹಿಷ್ಕೃತವಾದುದು ವಿಪರ್ಯಾಸವೇ ಸರಿ.

ಕನ್ನಡ ವಿದ್ಯಾರ್ಥಿಗೆ ಚಿತ್ರ, ಶಾಸನಗಳ ಸಹವಾಸ ಹೊಸದಲ್ಲ. ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಸಾವು ಸಂಭವಿಸುವುದು ಬಹುಮಟ್ಟಿಗೆ ಪಟ್ಟಿಕೆಗಳ ನಡುವಣ ಅಂಚಿನಲ್ಲಿ. ಆತಕೂರಿನ ಹತ್ತನೆಯ ಶತಮಾನದ ಶಿಲೆಯಲ್ಲಿ ಕಾಳಿಯೆಂಬ ನಾಯಿ ಹಂದಿಯೊಡನೆ ಸೆಣಸಿದ ಚಿತ್ರವೂ ಬರಹವೂ ಜೊತೆಜೊತೆಗಿವೆ. ಇದರಿಂದ ಗ್ರಾಫಿಕ್ ಕಾದಂಬರಿ ಕನ್ನಡನಾಡಿನಲ್ಲೇ ಹುಟ್ಟಿತೆಂದು ಸಾಧಿಸಹೊರಡುವುದು ಹಾಸ್ಯಾಸ್ಪದ. ಆದರೆ ಶಾಸನದ ಪಾಠವನ್ನಷ್ಟೇ ಎತ್ತಿಕೊಂಡು ಶಿಲ್ಪವನ್ನು ಅಲ್ಲೇ ಬಿಟ್ಟುಬರುವ ಓದಿನ ಅಭ್ಯಾಸ ಎಷ್ಟನ್ನು ಕಳೆದಿದೆ ಎಂಬುದನ್ನು ಆಲೋಚಿಸಲೇಬೇಕು.

ಹೊರನಾಡಿನ ಕನ್ನಡ ವಿಭಾಗಗಳಿಗೆ ಈ ದಿಸೆಯಲ್ಲಿ ವಿಶೇಷ ಅನುಕೂಲವಿದೆ. ಅಲ್ಲಿನ ವಿದ್ಯಾರ್ಥಿ ಎರಡು ಮೂರು ಭಾಷೆಗಳ ನಡುವೆ ಬದುಕುವವನು; ಮಾತು ನಿಂತಲ್ಲಿ ಮುಖವನ್ನು, ಕೈಸನ್ನೆಯನ್ನು ಓದಿ ಅರ್ಥಮಾಡಿಕೊಂಡವನು. ತೌಲನಿಕ ಅಧ್ಯಯನದ ಪತ್ರಿಕೆಯಲ್ಲಿ ಇಂಥದೊಂದು ಕೃತಿಗೆ ಸ್ಥಾನ ಕೊಟ್ಟರೆ ಪಂಪ, ಕುಮಾರವ್ಯಾಸರ ಗೌರವಕ್ಕೆ ಕುಂದೇನೂ ಬರಲಾರದು. ನೀರಿಗಾಗಿ ಬಾಯಾರಿದ ಮಗುವಿನ ಕಥೆಯನ್ನು ಯಾವ ರೂಪದಲ್ಲಿ ಬಂದರೂ ಓದಬಲ್ಲ ಸಹೃದಯರನ್ನು ಬೆಳೆಸುವುದು ಸಾಹಿತ್ಯ ವಿಭಾಗದ ಕರ್ತವ್ಯಗಳಲ್ಲಿ ಒಂದು.