ಎಂಟೂ ಪಾಸ್, ನೋಡಿದ್ದು ಒಂದೂ ಇಲ್ಲ

ಚಿಪ್ ವೆರಿಫಿಕೇಷನ್ ತಂಡಗಳಲ್ಲಿ ಆಗಾಗ ಕೇಳಿಬರುವ ವಾದ ಇದು: ಎಂಟು ಚಾನೆಲ್‌ಗಳಿಗೂ ನಿಯಮ ಒಂದೇ ಆದರೆ ಅಸರ್ಷನ್ನನ್ನು ಫಾರ್ ಲೂಪಿನೊಳಗೆ ಹಾಕಿ ಕೈತೊಳೆದುಕೊಳ್ಳಬಹುದು, ಸಿಸ್ಟಮ್‌ವೆರಿಲಾಗ್‌ನ 2009ರ ಮಾನದಂಡವೇ ಅನುಮತಿ ಕೊಟ್ಟಿದೆಯಲ್ಲ!

ಕೊಟ್ಟಿದೆ, ನಿಜ. ಯಾವ ಷರತ್ತಿನ ಮೇಲೆ ಎಂಬುದನ್ನು ಮಾತ್ರ ಈ ವಾದಿಗಳು ಓದಿದಂತಿಲ್ಲ.

ಎಂಟು ಕಡೆಯಿಂದ ರಿಕ್ವೆಸ್ಟ್ ಬರುವ ಆರ್ಬಿಟರ್ ಒಂದನ್ನು ತೆಗೆದುಕೊಳ್ಳಿ. ರಿಕ್ವೆಸ್ಟ್ ಬಂದರೆ ನಾಲ್ಕು ಕ್ಲಾಕಿನೊಳಗೆ ಗ್ರಾಂಟ್ ಸಿಗಬೇಕು, ಅಷ್ಟೇ ನಿಯಮ. ಲೂಪಿನ ಎಣಿಕೆಯ 'ಐ'ಯನ್ನು ಹಳೆಯ ಸಿ ಅಭ್ಯಾಸದಂತೆ ಲೂಪಿನ ಹೊರಗೆ, ಮಾಡ್ಯೂಲಿನ ತಲೆಯಲ್ಲಿ ಘೋಷಿಸಿದ್ದಾರೆ ಎನ್ನೋಣ. ಕಾನ್‌ಕರೆಂಟ್ ಅಸರ್ಷನ್ ಲೂಪ್ ಓಡುವಾಗಿನ 'ಐ'ಯನ್ನು ನೋಡುವುದೇ ಇಲ್ಲ. ಕ್ಲಾಕಿನ ಅಂಚು ಬರುವುದಕ್ಕೆ ಸ್ವಲ್ಪ ಮುಂಚೆ ಅದರಲ್ಲಿ ಏನಿತ್ತೋ ಅದನ್ನು ನೋಡುತ್ತದೆ. ಇದ್ದದ್ದು ಏನು? ಹಿಂದಿನ ಸಲ ಲೂಪ್ ಮುಗಿದಾಗ ಉಳಿದ 8. ಸೊನ್ನೆಯಿಂದ ಏಳರವರೆಗೆ ಮಾತ್ರ ಬಿಟ್‌ಗಳಿರುವ ಸಿಗ್ನಲ್‌ನಲ್ಲಿ 8ನೇ ಬಿಟ್ ಓದಿದರೆ ಸಿಗುವುದು 'ಎಕ್ಸ್'. ಅದು ನಿಜವೆಂದು ಲೆಕ್ಕವಾಗುವುದಿಲ್ಲ. ಹಾಗಾಗಿ 'ರಿಕ್ವೆಸ್ಟ್ ಬಂದರೆ' ಎಂಬ ಮೊದಲ ಭಾಗವೇ ಈಡೇರದೆ ಅಸರ್ಷನ್ ಪುಕ್ಕಟೆಯಾಗಿ ಪಾಸಾಗುತ್ತದೆ. ಒಂದಲ್ಲ, ಎಂಟೂ! ಮೂರನೇ ಚಾನೆಲ್ ಗ್ರಾಂಟ್ ಕಾಣದೆ ಸೊರಗಿ ಕೂತಿದ್ದರೂ ವರದಿ ಹಚ್ಚಹಸಿರು. ಅಸರ್ಷನ್ ಇಲ್ಲದಿದ್ದರೆ ಯಾರಾದರೂ ಅನುಮಾನಪಟ್ಟು ವೇವ್‌ಫಾರ್ಮ್ ತೆರೆದಾದರೂ ನೋಡುತ್ತಿದ್ದರು.

ಮದ್ದೂ ಅದೇ ಮಾನದಂಡದಲ್ಲಿದೆ. 'ಐ'ಯನ್ನು ಫಾರ್ ಆವರಣದೊಳಗೇ ಘೋಷಿಸಿದರೆ ಅದು ಆಟೊಮ್ಯಾಟಿಕ್ ಆಗಿ, ಆ ಕ್ಷಣದ ಬೆಲೆ ಅಸರ್ಷನ್ನಿಗೆ ಅಂಟಿಕೊಳ್ಳುತ್ತದೆ. ಕಾನ್ಸ್ಟ್ ಕಾಸ್ಟ್ ಹಾಕಿದರೂ ಆಯಿತು. ಆದರೆ ಇಡೀ ತಪಾಸಣೆಯನ್ನು ಒಂದು ಪದದ ನೆನಪಿನ ಮೇಲೆ ನಿಲ್ಲಿಸುವುದೇಕೆ? ಜೆನ್‌ವಾರ್ ಬಳಸಿ ಜನರೇಟ್ ಲೂಪ್ ಬರೆದರೆ ಸಿಮ್ಯುಲೇಷನ್ ಶುರುವಾಗುವ ಮೊದಲೇ ಎಂಟು ಅಸರ್ಷನ್‌ಗಳು ಎಂಟು ಬೇರೆ ಹೆಸರಿನಲ್ಲಿ ಸಿದ್ಧವಾಗಿರುತ್ತವೆ. ಬಿದ್ದದ್ದು ಯಾವುದು ಎಂದು ಹೆಸರೇ ಹೇಳುತ್ತದೆ.

ಲೂಪ್ ಎಷ್ಟು ಸುತ್ತು ಓಡಬೇಕೆಂಬುದು ಓಡುವಾಗಲೇ ಗೊತ್ತಾಗುವಂತಿದ್ದರೆ ಜನರೇಟ್ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ಹಾರ್ಡ್‌ವೇರ್‌ನಲ್ಲಿ ಗರಿಷ್ಠ ಮಿತಿ ಇಲ್ಲದ ಚಾನೆಲ್ ಸಾಲು ಎಲ್ಲಿದೆ? ಆ ಮಿತಿಯವರೆಗೆ ಬರೆದು, 'ಈ ಚಾನೆಲ್ ಚಾಲೂ ಇದ್ದರೆ' ಎಂಬ ಷರತ್ತನ್ನು ರಿಕ್ವೆಸ್ಟ್ ಪಕ್ಕ ಸೇರಿಸಿದರೆ ಮುಗಿಯಿತು.

ಇಷ್ಟಾದರೂ ಹಳೆಯ ಲೂಪನ್ನೇ ಸಮರ್ಥಿಸುವವರು ಅದೇ ಲೂಪಿನಲ್ಲಿ, ಅದೇ 'ಐ' ಇಟ್ಟು, ರಿಕ್ವೆಸ್ಟ್ ಬಂದದ್ದಕ್ಕೆ ಒಂದು ಕವರ್ ಪ್ರಾಪರ್ಟಿ ಬರೆದು ರಾತ್ರಿಯಿಡೀ ರಿಗ್ರೆಷನ್ ಓಡಿಸಲಿ. ಮೊದಲ ಕ್ಲಾಕ್ ಬಿಟ್ಟರೆ ಬೆಳಗ್ಗೆಯವರೆಗೂ ಎಣಿಕೆ ಒಂದೂ ಏರಿರುವುದಿಲ್ಲ.