ನಮ್ಮ ಸಂಬಳ ಯಾರ ಮಾತು ಕೇಳುತ್ತದೆ?

ದಿಲ್ಲಿಗೆ ದುಡಿಯಲು ಬಂದ ನಮಗೆ ಹಣದ ವಿಷಯದಲ್ಲಿ ಎರಡು ನಾಲಗೆ. ಸಂಬಳ ಬಂದ ದಿನ "ದುಡ್ಡೇನು ಮಹಾ, ಕೈಯ ಕೊಳೆ" ಎನ್ನುತ್ತೇವೆ. ಇಪ್ಪತ್ತನೇ ತಾರೀಖಿಗೆ ಗಲ್ಲಾದ ಮುಂದೆ ನಿಂತು ಮುಂಗಡಕ್ಕೆ ತಲೆ ಕೆರೆಯುತ್ತೇವೆ. ಲೆಕ್ಕ ಬರೆದಿಡುವವನನ್ನು ಜುಗ್ಗನೆಂದು ನಗುವವರೂ ನಾವೇ.

ಬಾಂಧವರೇ, ಮೊನ್ನೆ ನಾವು ಕೆಲವರು ಕೂತು ವರ್ಷದ ಖರ್ಚನ್ನು ಬರೆದು ನೋಡಿದೆವು. ಮಕ್ಕಳ ಓದೇ ಮುಖ್ಯವೆಂದು ಎಲ್ಲರೂ ಹೇಳುವವರೇ. ಕಾಗದ ಬೇರೆಯೇ ಹೇಳಿತು: ಊರಿನ ಮದುವೆಗೆ ಮಾಡಿದ ಸಾಲದ ಬಡ್ಡಿಯೇ ಶಾಲೆಯ ಫೀಸಿಗಿಂತ ಹೆಚ್ಚು! ದಿಲ್ಲಿಯವನು ಬರಿಗೈಯಲ್ಲಿ ಬಂದನೆನಿಸಿಕೊಳ್ಳಬಾರದೆಂಬ ಅಂಜಿಕೆ ಅಷ್ಟನ್ನೂ ನುಂಗಿತ್ತು. ತಾಯಿಗೆ ಕಳಿಸುವ ಹಣಕ್ಕೆ ನಮ್ಮ ಆಕ್ಷೇಪವಿಲ್ಲ, ಅದು ಋಣ. ಶಾಮಿಯಾನಕ್ಕೆ ಕಳಿಸುವುದು ಋಣವಲ್ಲ.

ಉಳಿತಾಯವೆಂದರೆ ಧಣಿಗಳ ಮಾತು ಎನ್ನುವವರಿದ್ದಾರೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ಏಜೆಂಟರು ದಿನವೂ ಬಾಗಿಲಿಗೆ ಬಂದು ಎರಡಾಣೆಯನ್ನೂ ಪಡೆಯುತ್ತಿದ್ದರು. ಎರಡಾಣೆ ಕೊಟ್ಟವರು ಧಣಿಗಳಲ್ಲ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಾಠ ಸೇರಿಹೋಗಿಲ್ಲ.

ಕೂಲಿ ನಿಲ್ಲಲು ಒಂದು ಆಜ್ಞೆ ಸಾಕು. 1996ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ದಿಲ್ಲಿಯ ಬಿರ್ಲಾ ಗಿರಣಿಯಂಥವು ಇಲ್ಲಿ ಮುಚ್ಚಿದಾಗ ಗಿರಣಿಯ ಹಿರಿಯರು ಅದನ್ನು ಕಂಡರು. ಹೋಟೆಲಿನ ನಮಗೆ ಅಷ್ಟು ದೊಡ್ಡ ಆಜ್ಞೆಯೂ ಬೇಕಿಲ್ಲ, ಒಂದು ಜ್ವರ ಸಾಕು.

ಬರುವ ಸಂಬಳದ ದಿನ, ಊರಿಗೆ ಹಾಕುವ ಮುಂಚೆ, ಮಗಳ ಫೀಸನ್ನು ಎತ್ತಿಡೋಣ. ಉಳಿದುದರಲ್ಲಿ ಶಾಮಿಯಾನ ಎಷ್ಟು ದೊಡ್ಡದಾಗುತ್ತದೋ ಆಗಲಿ.