ವಿಮಾನ ನೋಡೋಕಲ್ಲ, ನೆಲ ಕಾಯೋಕೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಆಶ್‌ಕಾಶ್ ಅಂತ ಒಂದು ಊರಿದೆ. ಅರವತ್ತು ಸಾವಿರ ಚಿಲ್ಲರೆ ಜನರ ಪಟ್ಟಣ. ಪ್ರತಿ ವರ್ಷ ಜುಲೈ ಕೊನೆಯ ಹೊತ್ತಿಗೆ ಅಲ್ಲಿ ಒಂದು ವಾರ ವಿಮಾನಗಳ ಜಾತ್ರೆ ನಡೆಯುತ್ತದೆ. ಹೆಸರು ಏರ್‌ವೆಂಚರ್. 1970ರಿಂದ ಅದೇ ಊರಲ್ಲಿ ನಡೆಯುತ್ತಿದೆ. ಸುಮಾರು ಹತ್ತು ಸಾವಿರ ವಿಮಾನಗಳು ಬರುತ್ತವೆ, ಆರು ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರೆ.

ಜಾತ್ರೆ ಅನ್ನೋ ಮಾತನ್ನ ಸುಮ್ಮನೆ ಬಳಸಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರಿಗೆ ಗೊತ್ತು, ಗಾಡಿ ಕಟ್ಟಿಕೊಂಡು ಬಂದವರು ಗಾಡಿ ಪಕ್ಕದಲ್ಲೇ ಒಲೆ ಹೂಡಿ, ಗಾಡಿ ಕೆಳಗೇ ಮಲಗುತ್ತಿದ್ದರು. ಆಶ್‌ಕಾಶ್‌ನಲ್ಲೂ ಹಾಗೇ. ತಮ್ಮ ಪುಟ್ಟ ವಿಮಾನವನ್ನು ತಾವೇ ಹಾರಿಸಿಕೊಂಡು ಬಂದವರು ಅದನ್ನು ಹುಲ್ಲಿನ ಮೇಲೆ ನಿಲ್ಲಿಸಿ, ರೆಕ್ಕೆ ಕೆಳಗೆ ಡೇರೆ ಹಾಕಿಕೊಂಡು ವಾರ ಕಳೆಯುತ್ತಾರೆ. ಅವರಲ್ಲಿ ಎಷ್ಟೋ ಜನ ಆ ವಿಮಾನವನ್ನು ಮನೆಯ ಷೆಡ್ಡಿನಲ್ಲಿ ಕೈಯಾರೆ ಕಟ್ಟಿದವರು.

ಇಷ್ಟು ವಿಮಾನಗಳನ್ನು ನೆಲದ ಮೇಲೆ ಸಂಭಾಳಿಸುವವರು ಯಾರು? ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಅವರ ಜೊತೆಗೆ ಪ್ರತಿ ವರ್ಷ ಒಂದು ತಂಡ ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳೂ ಇರುತ್ತಾರೆ. ಸಿವಿಲ್ ಏರ್ ಪೆಟ್ರೋಲ್ ಅನ್ನೋ ಸಂಸ್ಥೆಯ ಕೆಡೆಟ್‌ಗಳು. ಆ ಸಂಸ್ಥೆ ಶುರುವಾದದ್ದು 1941ರ ಡಿಸೆಂಬರ್ 1ರಂದು, ಪರ್ಲ್ ಹಾರ್ಬರ್ ಮೇಲೆ ಬಾಂಬು ಬೀಳುವ ಆರು ದಿನ ಮುಂಚೆ. ಈಗ ಅದು ಅಮೆರಿಕದ ವಾಯುಪಡೆಗೆ ಸಹಾಯಕ ಸಂಸ್ಥೆ. ನಮ್ಮ ಎನ್‌ಸಿಸಿ ಏರ್‌ವಿಂಗ್‌ನ ದೂರದ ನೆಂಟ ಅಂದುಕೊಳ್ಳಿ. ಬೇಸಿಗೆ ರಜೆಯಲ್ಲಿ ಈ ಮಕ್ಕಳಿಗೆ ಬಗೆಬಗೆಯ ಶಿಬಿರಗಳಿರುತ್ತವೆ. ಆಶ್‌ಕಾಶ್‌ನ ಶಿಬಿರಕ್ಕೆ ನ್ಯಾಷನಲ್ ಬ್ಲೂ ಬೆರೆ ಅಂತ ಹೆಸರು. ಸುಮಾರು ಎರಡು ವಾರ. ಮುಗಿಸಿದವರಿಗೆ ತಲೆ ಮೇಲೆ ನೀಲಿ ಟೋಪಿ.

ಏರ್‌ಶೋ ಅಂದ ಕೂಡಲೇ ನಮಗೆ ನೆನಪಾಗೋದು ಕತ್ತು ಮೇಲೆತ್ತಿ ನಿಂತ ಜನ. ಈ ಮಕ್ಕಳಿಗೆ ಕತ್ತೆತ್ತಲು ಪುರುಸೊತ್ತು ಸಿಗೋದು ಕಡಿಮೆ. ಅವರ ಕೆಲಸವೆಲ್ಲ ನೆಲದ ಮೇಲೆ.

ಮೊದಲ ಕೆಲಸ, ಇಳಿದ ವಿಮಾನಕ್ಕೆ ದಾರಿ ತೋರಿಸೋದು. ಟ್ರ್ಯಾಕ್ಟರ್ ಟ್ರೇಲರನ್ನು ಹಿಂದಕ್ಕೆ ಬಿಡುವಾಗ ಹುಡುಗನೊಬ್ಬ ಹಿಂದೆ ನಿಂತು "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಸಾಕು" ಅನ್ನೋದಿಲ್ಲವಾ, ಅದೇ. ಆದರೆ ಇಲ್ಲಿ ಎಂಜಿನ್ ಸದ್ದಿಗೆ ಬಾಯಿ ಮಾತು ಕೇಳಿಸೋದಿಲ್ಲ. ಎಲ್ಲವೂ ಕೈಸನ್ನೆಯಲ್ಲಿ. ಎರಡೂ ತೋಳನ್ನು ತಲೆ ಮೇಲೆ ಅಡ್ಡಡ್ಡ ಹಿಡಿದರೆ ನಿಲ್ಲಿಸು. ಕೈಯನ್ನು ಕತ್ತಿನ ಅಡ್ಡಕ್ಕೆ ಎಳೆದರೆ ಎಂಜಿನ್ ಆಫ್ ಮಾಡು. ಮುಂದೆ ತಿರುಗುತ್ತಿರುವ ಪ್ರೊಪೆಲರ್ ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಹಾಗಾಗಿ ಪೈಲಟ್ಟಿನ ಕಣ್ಣು ತನಗೆ ಕಾಣುವ ಜಾಗದಲ್ಲೇ ಹುಡುಗಿ ನಿಂತಿರಬೇಕು. ಟೋಪಿ ಹಾರಿ ಎಂಜಿನ್‌ಗೆ ಸಿಗಬಾರದು ಅಂತ ಅಂಥ ಕಡೆ ತಲೆ ಮೇಲಿನದನ್ನು ತೆಗೆದಿಡುವುದೇ ವಾಡಿಕೆ.

ಎರಡನೇ ಕೆಲಸ ನನಗೆ ಬಹಳ ಇಷ್ಟವಾದದ್ದು. ಸಣ್ಣ ವಿಮಾನಗಳಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ವಿಮಾನ ಬಿದ್ದರೆ ಆ ಪೆಟ್ಟಿಗೆ ತಾನಾಗಿಯೇ ರೇಡಿಯೋದಲ್ಲಿ ಕೂಗಲು ಶುರುಮಾಡುತ್ತದೆ. ಆದರೆ ವಿಮಾನ ಸ್ವಲ್ಪ ಜೋರಾಗಿ ನೆಲಕ್ಕೆ ಕುಕ್ಕಿದರೂ ಅದು ಕೂಗಿಬಿಡಬಹುದು. ಪೈಲಟ್ ಇಳಿದು ತಿಂಡಿಗೆ ಹೋಗಿರುತ್ತಾನೆ, ಪೆಟ್ಟಿಗೆ ಒಳಗೇ ಅರಚುತ್ತಿರುತ್ತದೆ. ಆ ಸುಳ್ಳು ಕೂಗಿನ ನಡುವೆ ನಿಜವಾಗಿ ಎಲ್ಲೋ ಬಿದ್ದವನ ಕೂಗು ಮುಚ್ಚಿಹೋದರೆ? ಸಾವಿರಾರು ವಿಮಾನಗಳ ಸಾಲಿನಲ್ಲಿ ಕೂಗುತ್ತಿರುವ ಒಂದನ್ನು ಹುಡುಕಬೇಕು. ಅದಕ್ಕೆ ದಿಕ್ಕು ತೋರಿಸುವ ಯಂತ್ರ ಇದೆ. ಅದಿಲ್ಲದಿದ್ದರೂ ಒಂದು ಉಪಾಯವಿದೆ. ಸಣ್ಣ ರೇಡಿಯೋವನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ನಿಧಾನಕ್ಕೆ ಸುತ್ತಬೇಕು. ಯಾವಾಗ ಸದ್ದು ಕುಗ್ಗುತ್ತದೋ ಆಗ ನಿಮ್ಮ ಮೈ ಅಡ್ಡ ಬಂದಿದೆ ಅಂತ ಅರ್ಥ. ಅಂದರೆ ಕೂಗು ಬರುತ್ತಿರೋದು ಬೆನ್ನ ಹಿಂದಿನಿಂದ.

ಇನ್ನೊಂದು ಕೆಲಸ ತಲುಪದವರನ್ನು ಹುಡುಕೋದು. "ಇಷ್ಟು ಹೊತ್ತಿಗೆ ತಲುಪುತ್ತೇನೆ" ಅಂತ ಮೊದಲೇ ಬರೆಸಿ ಹೊರಟ ಪೈಲಟ್, ತಲುಪಿದ ಮೇಲೆ ತಿಳಿಸಬೇಕು. ಮರೆತರೆ ಅರ್ಧ ಗಂಟೆಯಲ್ಲಿ ಹುಡುಕಾಟ ಶುರು. ಆಗ ಕೆಡೆಟ್‌ಗಳು ಸಾಲು ಸಾಲು ನಡೆದು ಬಾಲದ ಮೇಲಿನ ನಂಬರ್ ಓದುತ್ತಾ ಹೋಗಬೇಕು. ಸಿಕ್ಕಿದರೆ ಎಲ್ಲೋ ಒಂದು ಮನೆಯವರಿಗೆ ಸಮಾಧಾನ.

ಇಂಥ ಶಿಬಿರಕ್ಕೆ ತಯಾರಿ ಅಂದರೆ ಏನು? ನಮ್ಮಲ್ಲಾದರೆ ಮೊದಲ ಪ್ರಶ್ನೆ "ಏನೇನು ಕೊಡಿಸಬೇಕು ಸಾರ್?" ಹೊಸ ಬ್ಯಾಗು, ಹೊಸ ಬೂಟು, ಆಗುವುದಾದರೆ ಹೊಸ ಫೋನು.

ಹೊಸ ಬೂಟಿನಷ್ಟು ಅಪಾಯ ಬೇರೊಂದಿಲ್ಲ. ಹೊಸ ಚಪ್ಪಲಿ ಕಚ್ಚುವುದು ಎಲ್ಲರಿಗೂ ಗೊತ್ತು, ಬೂಟು ಇನ್ನೂ ಜೋರಾಗಿ ಕಚ್ಚುತ್ತದೆ. ಎರಡನೇ ದಿನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದರೆ ಉಳಿದ ಹನ್ನೆರಡು ದಿನ ಆ ಮಗು ತಂಡಕ್ಕೆ ಭಾರ. ಆದ್ದರಿಂದ ತಿಂಗಳು ಮುಂಚಿನಿಂದಲೇ ಆ ಬೂಟು ಹಾಕಿಕೊಂಡು ದಿನಾ ನಡೆಯಬೇಕು. ಬಾಯಾರುವ ಮುಂಚೆ ನೀರು ಕುಡಿಯುವುದನ್ನು ಅಭ್ಯಾಸ ಮಾಡಬೇಕು. ಅಕ್ಕಪಕ್ಕ ಹತ್ತು ಜನ ಗೊರಕೆ ಹೊಡೆದರೂ ರಾತ್ರಿ ನಿದ್ದೆ ಮಾಡಲು ಬರಬೇಕು. ತನ್ನ ಬಟ್ಟೆ ತಾನು ಒಗೆಯಬೇಕು, ಅದು ಹುಡುಗನಿಗೂ ಸೇರಿ. ಅಲ್ಲಿ ಬಿಸಿಲೂ ಇದೆ, ಗುಡುಗು ಮಳೆಯೂ ಇದೆ. 2010ರಲ್ಲಿ ಮಳೆಗೆ ಆ ಮೈದಾನ ಎಷ್ಟು ಕೆಸರಾಯಿತು ಅಂದರೆ ನಿಲ್ಲಿಸಲು ಗಟ್ಟಿ ನೆಲವಿಲ್ಲದೆ ವಿಮಾನಗಳನ್ನು ಅಕ್ಕಪಕ್ಕದ ನಿಲ್ದಾಣಗಳಿಗೆ ಕಳಿಸಿದರು.

ಎಲ್ಲಕ್ಕಿಂತ ಕಷ್ಟದ ತಯಾರಿ ಬಾಯಿಯದ್ದು. "ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ" ಅನ್ನೋದು. "ತಲೆ ಸುತ್ತುತ್ತಿದೆ, ಕೂರಬೇಕು" ಅನ್ನೋದು. ನಮ್ಮ ಶಾಲೆಗಳಲ್ಲಿ ಎದ್ದು ನಿಂತು ಇದನ್ನು ಹೇಳಿದ ಮಗುವಿಗೆ ಏನು ಸಿಗುತ್ತದೆ ಅಂತ ನಿಮಗೇ ಗೊತ್ತು. ಅರ್ಥವಾಗದೆ ತಲೆಯಾಡಿಸುವ ಮಗುವನ್ನು ತಿರುಗುವ ಪ್ರೊಪೆಲರ್ ಮುಂದೆ ನಿಲ್ಲಿಸಲಾಗುವುದಿಲ್ಲ. ಅದಕ್ಕೇ ಅಲ್ಲಿ ನೇರವಾಗಿ ಯಾರನ್ನೂ ಮೈದಾನಕ್ಕೆ ಬಿಡೋದಿಲ್ಲ. ಮೊದಲು ಬೇರೆ ಶಿಬಿರ ಮುಗಿಸಿರಬೇಕು, ಬಂದ ಮೇಲೂ ಜಾತ್ರೆ ಕಳೆಗಟ್ಟುವ ಮುಂಚೆ ತರಬೇತಿ.

ಇಲ್ಲಿಗೆ ಓದಿದ ಕೆಲವರು ಆಗಲೇ ಕೇಳಿರುತ್ತೀರಿ. "ದುಡ್ಡು ಕಟ್ಟಿ ಕೂಲಿ ಮಾಡೋಕೆ ಕಳಿಸೋದಾ?" ಹೌದು, ಅಲ್ಲಿ ಶಿಬಿರಕ್ಕೆ ಶುಲ್ಕವಿದೆ. ಪ್ರಶ್ನೆ ನ್ಯಾಯವಾದದ್ದೇ. ಹಳ್ಳಿಯ ಮಕ್ಕಳು ಕೆಲಸ ಕಾಣದವರಲ್ಲ. ಬೆಳಗ್ಗೆ ಹಾಲು ಡೇರಿಗೆ ಹಾಕಿ, ದನದ ಕೊಟ್ಟಿಗೆ ಬಾಚಿ, ಆಮೇಲೆ ಬಸ್ಸು ಹತ್ತುವವರು. ಆದರೆ ಆ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಟ್ರ್ಯಾಕ್ಟರಿಗೆ "ಬರ್ಲಿ ಬರ್ಲಿ" ಅಂದ ಹುಡುಗನಿಗೆ ತಾನು ಮಾಡಿದ್ದು ಒಂದು ವಿದ್ಯೆ ಅಂತ ಯಾರೂ ಹೇಳಿಲ್ಲ. ಆಶ್‌ಕಾಶ್‌ನಲ್ಲಿ ಅದಕ್ಕೆ ಪಾಠವಿದೆ, ಪರೀಕ್ಷೆಯಿದೆ, ಪಾಳಿಯಿದೆ, ಮೇಲೆ ಒಬ್ಬ ದೊಡ್ಡವರ ಕಣ್ಣಿದೆ. ಕೂಲಿಗೂ ಇದಕ್ಕೂ ನಾನು ಕಾಣುವ ವ್ಯತ್ಯಾಸ ಇಷ್ಟೇ.

ಈಗ ನಮ್ಮ ದೇಶಕ್ಕೆ ಬರೋಣ. 2024ರ ಅಕ್ಟೋಬರ್ 6, ಭಾನುವಾರ. ಚೆನ್ನೈನ ಮರೀನಾ ಕಡಲತೀರದಲ್ಲಿ ವಾಯುಪಡೆಯ ಏರ್‌ಶೋ. ಲಕ್ಷಾಂತರ ಜನ. ಮೇಲೆ ವಿಮಾನಗಳು ಚೆನ್ನಾಗಿಯೇ ಹಾರಿದವು. ಕೆಳಗೆ ಮಟಮಟ ಮಧ್ಯಾಹ್ನದ ಬಿಸಿಲು, ಕುಡಿಯಲು ನೀರಿಗೆ ಪರದಾಟ, ಮುಗಿದ ಮೇಲೆ ಎಲ್ಲರೂ ಒಟ್ಟಿಗೇ ಹೊರಟು ರಸ್ತೆ, ರೈಲು ನಿಲ್ದಾಣ ಎಲ್ಲ ಕಿಕ್ಕಿರಿದವು. ಐದು ಜನ ಸತ್ತರು.

ನಮ್ಮ ಯಲಹಂಕದ ಏರೋ ಇಂಡಿಯಾ 1996ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ. 2019ರಲ್ಲಿ ಅಲ್ಲಿ ಎರಡು ದುರಂತ ನಡೆದವು. ಶುರುವಾಗುವ ಹಿಂದಿನ ದಿನ ತಾಲೀಮಿನಲ್ಲಿ ಸೂರ್ಯಕಿರಣ ತಂಡದ ಎರಡು ವಿಮಾನ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಪ್ರಾಣಬಿಟ್ಟರು. ನಾಲ್ಕು ದಿನದ ಮೇಲೆ ಪಾರ್ಕಿಂಗ್ ಮೈದಾನದ ಒಣಹುಲ್ಲಿಗೆ ಬೆಂಕಿ ಹತ್ತಿ ಸುಮಾರು 300 ಕಾರು ಸುಟ್ಟುಹೋದವು. ಮೊದಲನೆಯದು ಆಕಾಶದ್ದು, ಅದರ ಬಗ್ಗೆ ಮಾತಾಡುವಷ್ಟು ತಿಳಿವಳಿಕೆ ನನಗಿಲ್ಲ. ಎರಡನೆಯದು ಹುಲ್ಲಿನದು. ಫೆಬ್ರವರಿಯಲ್ಲಿ ಒಣಗಿದ ಹುಲ್ಲು, ಗಾಳಿ, ಒಂದು ಕಿಡಿ ಸೇರಿದರೆ ಏನಾಗುತ್ತದೆ ಅಂತ ಬಣವೆ ಕಾಯ್ದ ಯಾವ ರೈತನ ಮಗನನ್ನು ಕೇಳಿದರೂ ಹೇಳುತ್ತಾನೆ.

ನೀರು, ನೆರಳು, ದಾರಿ, ಹುಲ್ಲು. ಏರ್‌ಶೋದಲ್ಲಿ ಜೀವ ಹೋಗೋದೂ ಉಳಿಯೋದೂ ಹೆಚ್ಚಾಗಿ ಇದರ ಮೇಲೆ. ನೋಡಲು ಬಂದವರು ಇದನ್ನು ಗಮನಿಸೋದಿಲ್ಲ. ಗಮನಿಸಲಿಕ್ಕೇ ತಯಾರಾದ ಕಣ್ಣುಗಳು ಬೇಕು, ಅದೂ ಸಾವಿರಗಟ್ಟಲೆ.

ಅಂಥ ಕಣ್ಣುಗಳು ನಮ್ಮಲ್ಲಿ ಇಲ್ಲವಾ? ಎನ್‌ಸಿಸಿ 1948ರಿಂದ ಇದೆ, ಅದರ ಏರ್‌ವಿಂಗ್ 1950ರಿಂದ. ಶಿಬಿರದಲ್ಲಿ ಊಟ ವಸತಿಗೆ ಮಕ್ಕಳು ದುಡ್ಡು ಕೊಡಬೇಕಾಗಿಲ್ಲ. ಅದು ಅಮೆರಿಕಕ್ಕಿಂತ ನಾವು ಮುಂದಿರುವ ವಿಷಯ, ಹೆಮ್ಮೆಯಿಂದಲೇ ಹೇಳಬಹುದು. ಕೆಲಸ ಕೊಟ್ಟಾಗ ಅವರು ಮಾಡಿಯೂ ತೋರಿಸಿದ್ದಾರೆ. 2020ರ ಕೊರೊನಾ ಲಾಕ್‌ಡೌನ್‌ನಲ್ಲಿ ಹದಿನೆಂಟು ದಾಟಿದ ಹಿರಿಯ ಕೆಡೆಟ್‌ಗಳು ರೇಷನ್ ಹಂಚಿಕೆ, ಸಾಲು ನಿಲ್ಲಿಸುವುದು, ಸಂಚಾರ ನೋಡಿಕೊಳ್ಳುವುದು ಇಂಥ ಕೆಲಸಕ್ಕೆ ಇಳಿದಿದ್ದರು.

ಆದರೆ ಉಳಿದ ದಿನಗಳಲ್ಲಿ? ಆಗಸ್ಟ್ 15ಕ್ಕೆ ತಾಲ್ಲೂಕು ಮೈದಾನಕ್ಕೆ ಹೋಗಿ ನೋಡಿ. ಒಂಬತ್ತು ಗಂಟೆಗೆ ಅಂದ ಗಣ್ಯರು ಹತ್ತೂವರೆಗೆ ಬರುತ್ತಾರೆ. ಅಷ್ಟು ಹೊತ್ತೂ ಮಕ್ಕಳು ಬಿಸಿಲಲ್ಲಿ ಸೆಟೆದು ನಿಂತಿರುತ್ತಾರೆ. ಒಂದೊಂದಾಗಿ ಬೀಳುತ್ತಾರೆ. ಬಿದ್ದವರನ್ನು ಎತ್ತಿಕೊಂಡು ಹೋಗಿ ಗ್ಲೂಕೋಸ್ ಕುಡಿಸಿ, ಜಾಗಕ್ಕೆ ಇನ್ನೊಬ್ಬರನ್ನು ನಿಲ್ಲಿಸುತ್ತಾರೆ. ಇದನ್ನು ನಾವು ಶಿಸ್ತು ಅಂತ ಕರೆಯುತ್ತೇವೆ. ನನ್ನ ಪ್ರಕಾರ ಇದು ಮಕ್ಕಳನ್ನು ತೋರಣದ ಹಾಗೆ ಕಟ್ಟುವುದು. ಅದೇ ಮಕ್ಕಳಿಗೆ ಹತ್ತು ದಿನ ಪಾಠ ಹೇಳಿಕೊಟ್ಟು, ಎರಡೆರಡು ಗಂಟೆಯ ಪಾಳಿ ಹಾಕಿ, "ಈ ಸಾಲಿನಲ್ಲಿ ಯಾರ ಮುಖ ಬಾಡುತ್ತಿದೆ ನೋಡು, ಕೂಡಲೇ ನೆರಳಿಗೆ ಕರೆದುಕೊಂಡು ಹೋಗು" ಅಂದರೆ, ಬೀಳುವ ಬದಲು ಬೀಳುವವರನ್ನು ಹಿಡಿಯುತ್ತಾರೆ.

ಅದಕ್ಕೆ ಏರ್‌ಶೋವೇ ಬೇಕಾಗಿಲ್ಲ. ಊರ ತೇರು ಸಾಕು, ತಾಲ್ಲೂಕಿನ ಕೃಷಿ ಮೇಳ ಸಾಕು. ಏರ್‌ವಿಂಗ್ ಇರುವುದು ಕೆಲವು ನಗರಗಳ ಆಸುಪಾಸಿನಲ್ಲಿ ಮಾತ್ರ. ನಮ್ಮ ಹೆಚ್ಚಿನ ಹಳ್ಳಿ ಶಾಲೆಗಳಲ್ಲಿ ಯಾವ ವಿಂಗೂ ಇಲ್ಲ. ಇದನ್ನು ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಎತ್ತಿ, ಅರ್ಜಿ ಹಾಕಿಸಿ. ಶೌಚಾಲಯದ ಬಾಗಿಲಿನಷ್ಟೇ ಇದೂ ಮಾತಾಡಬೇಕಾದ ವಿಷಯ. ಬಾಗಿಲು ಮೊದಲು, ಒಪ್ಪುತ್ತೇನೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಶಿಬಿರದ ಚೀಟಿ ಮನೆಗೆ ಬಂದಾಗ ಅಣ್ಣನಿಗೆ ಒಂದು ರುಜು ಸಾಕು, ತಂಗಿಗೆ ಪಂಚಾಯ್ತಿಯೇ ಸೇರುತ್ತದೆ. ಅಪ್ಪ, ಚಿಕ್ಕಪ್ಪ, ಅಜ್ಜಿ ಎಲ್ಲರದೂ ಒಂದೊಂದು ಮಾತು. ಆ ಭಯವನ್ನು ನಾನು ಹಗುರ ಮಾಡುತ್ತಿಲ್ಲ. ಕೇಳಬೇಕಾದದ್ದನ್ನು ಸರಿಯಾದವರ ಹತ್ತಿರ ಕೇಳಿ ಅಂತಷ್ಟೇ ನನ್ನ ಮಾತು. ಮಗಳನ್ನು "ನಿನಗ್ಯಾಕೆ ಇದೆಲ್ಲ" ಅಂತ ಕೇಳುವ ಬದಲು ಎನ್‌ಸಿಸಿ ನೋಡಿಕೊಳ್ಳುವ ಮೇಷ್ಟ್ರನ್ನೋ ಮೇಡಮ್ಮನ್ನೋ ಕೇಳಿ. ಜೊತೆಗೆ ಮೇಡಂ ಯಾರು ಬರುತ್ತಾರೆ? ಮಲಗುವ ಜಾಗ ಎಲ್ಲಿ, ಬಾಗಿಲಿಗೆ ಚಿಲಕ ಇದೆಯಾ? ಮುಟ್ಟಾದರೆ ರಜೆ ಕೇಳುವುದು ಯಾರ ಹತ್ತಿರ? ದಿನಕ್ಕೆ ಒಮ್ಮೆ ಮನೆಗೆ ಫೋನ್ ಮಾಡಿಸುತ್ತಾರಾ? ಉತ್ತರ ನೆಟ್ಟಗಿದ್ದರೆ ರುಜು ಹಾಕಿ.

ಇನ್ನೊಂದು ಪ್ರಶ್ನೆ ಹುಡುಗ ಹುಡುಗಿ ಇಬ್ಬರಿಗೂ ಸೇರಿದ್ದು, "ಅಲ್ಲಿ ನಮ್ಮ ಮಗುವಿಗೆ ಏನು ಕೆಲಸ ಕೊಡುತ್ತೀರಿ?" ಬರೀ ಪರೇಡು, ಗಣ್ಯರ ಸ್ವಾಗತ, ಗ್ರೂಪ್ ಫೋಟೋ ಅಂದರೆ ಇನ್ನೂ ಸ್ವಲ್ಪ ಜೋರಾಗಿ ಕೇಳಿ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಎನ್‌ಸಿಸಿ ಇರುವ ಕಡೆ ಹೊಸ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಓಟ, ಎತ್ತರ, ಆರೋಗ್ಯ ನೋಡುತ್ತಾರೆ. ಈಗಿನಿಂದಲೇ ದಿನಾ ಸಂಜೆ ಕೆರೆ ಏರಿ ಮೇಲೆ ಎರಡು ಸುತ್ತು ನಡೆಸಿ. ಹಳೇ ಬೂಟು ಇದ್ದರೆ ಅದನ್ನೇ ಹಾಕಿಕೊಳ್ಳಲಿ.